ಶಿಕಾಗೊ ಕಡೆಯಿಂದ ಕೊಲಂಬಸ್‌ಗೆ ಮೂರು ಪ್ಯಾಲೆಟ್: ಟ್ರಕ್‌ನಲ್ಲಿ ಕಳಿಸಿ ಅನುಭವ ಇರುವವರು ಹೇಳಿ

ಪ್ರಶ್ನೆ (ಅರೋರಾ, ಇಲಿನಾಯ್):
ಎಲ್ಲರಿಗೂ ನಮಸ್ಕಾರ. ಅರೋರಾದಲ್ಲಿ ಸಣ್ಣ ಗೋಡೌನ್ ಇಟ್ಟುಕೊಂಡು ರಾಗಿ ಹಿಟ್ಟು, ಸಾಂಬಾರ್ ಪುಡಿ, ಮಂಡಕ್ಕಿ, ಉಪ್ಪಿನಕಾಯಿ ಮಾರುತ್ತಿದ್ದೇವೆ. ಇಲ್ಲಿಯವರೆಗೆ ಪಾರ್ಸೆಲ್‌ನಲ್ಲೇ ನಡೆಯುತ್ತಿತ್ತು. ಈಗ ಓಹಾಯೋದ ಕೊಲಂಬಸ್‌ನಲ್ಲಿ ಒಂದು ಇಂಡಿಯನ್ ಗ್ರಾಸರಿಯವರು ತಿಂಗಳಿಗೆ ಮೂರು ಪ್ಯಾಲೆಟ್ (ಮರದ ಹಲಗೆಯ ಮೇಲೆ ಜೋಡಿಸಿ ಸುತ್ತಿದ ಡಬ್ಬಗಳ ರಾಶಿ) ಬೇಕು ಎನ್ನುತ್ತಿದ್ದಾರೆ. ಕೆಲವು ಕಡೆ ರೇಟ್ ಕೇಳಿದೆ. ಒಬ್ಬರು ಹೇಳಿದ್ದರ ಹೆಚ್ಚುಕಡಿಮೆ ಎರಡರಷ್ಟು ಇನ್ನೊಬ್ಬರು ಹೇಳುತ್ತಾರೆ. ಯಾರನ್ನು ನಂಬೋದು?

ಇಂಡಿಯಾನಾಪೊಲಿಸ್‌ನಿಂದ, ಡಿಸ್ಪ್ಯಾಚ್ ಕೆಲಸದಲ್ಲಿರುವವರು:
ಸರ್, ಇಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ. ಒಬ್ಬರು ಎಲ್ಲ ಸೇರಿಸಿ ಹೇಳಿರುತ್ತಾರೆ. ಇನ್ನೊಬ್ಬರು ಬರೀ ಬಾಡಿಗೆ ಹೇಳಿ, ಉಳಿದದ್ದನ್ನು ಬಿಲ್ಲಿನಲ್ಲಿ ಹಾಕುತ್ತಾರೆ. ಈ ಧಂಧೆಯಲ್ಲಿ ಕೋಟೇಶನ್ ಬೇರೆ, ಬಿಲ್ ಬೇರೆ. ಎರಡರ ನಡುವಿನ ವ್ಯತ್ಯಾಸ ನೀವು ಕೊಡುವ ಮಾಹಿತಿಯ ಮೇಲೆ ನಿಂತಿದೆ.

ಮೂರು ಪ್ಯಾಲೆಟ್‌ಗೆ ಪೂರ್ತಿ ಟ್ರಕ್ ಬೇಡ. 53 ಅಡಿಯ ಟ್ರೇಲರ್‌ನಲ್ಲಿ ನೆಲದ ಮೇಲೇ 26 ಪ್ಯಾಲೆಟ್ ಹಿಡಿಸುತ್ತವೆ. ನಿಮಗೆ ಬೇಕಾದದ್ದು ಎಲ್‌ಟಿಎಲ್, ಅಂದರೆ ಹಲವರ ಸಾಮಾನು ಒಂದೇ ಟ್ರೇಲರ್‌ನಲ್ಲಿ. ಅರೋರಾದಲ್ಲಿ ಎತ್ತಿದ ಟ್ರಕ್ಕೇ ಕೊಲಂಬಸ್‌ಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಸಂಜೆ ಅದು ಹತ್ತಿರದ ಟರ್ಮಿನಲ್‌ಗೆ ಬಂದು ಸಾಮಾನು ಇಳಿಸುತ್ತದೆ. ರಾತ್ರಿ ಇನ್ನೊಂದು ಟ್ರೇಲರ್‌ಗೆ ಹತ್ತಿಸುತ್ತಾರೆ. ಸಾಮಾನ್ಯವಾಗಿ ಐ-65 ಹೆದ್ದಾರಿಯಲ್ಲಿ ನಮ್ಮೂರಿನವರೆಗೆ, ಇಲ್ಲಿಂದ ಐ-70 ಹಿಡಿದು ಪೂರ್ವಕ್ಕೆ. ಒಟ್ಟು 350ರಿಂದ 400 ಮೈಲಿ. ಡ್ರೈವರ್ ಒಂದು ಪಾಳಿಯಲ್ಲಿ 11 ಗಂಟೆ ಓಡಿಸಬಹುದು, ಹಾಗಾಗಿ ರಸ್ತೆ ಒಂದೇ ರಾತ್ರಿಯದು. ಕೊಲಂಬಸ್ ಟರ್ಮಿನಲ್‌ನಲ್ಲಿ ಮತ್ತೆ ಇಳಿಸಿ, ಮತ್ತೆ ಹತ್ತಿಸುತ್ತಾರೆ. ಅಷ್ಟು ಸಲ ಫೋರ್ಕ್‌ಲಿಫ್ಟ್ ತಾಗುತ್ತದೆ. ಸಾಮಾನು ಹಾಳಾಗುವುದು ಹೆದ್ದಾರಿಯಲ್ಲಿ ಕಡಿಮೆ, ಟರ್ಮಿನಲ್‌ನಲ್ಲೇ ಜಾಸ್ತಿ. ಡಬ್ಬ ಪ್ಯಾಲೆಟ್‌ನ ಅಂಚು ದಾಟಿ ಚಾಚಬಾರದು. ಪ್ಲಾಸ್ಟಿಕ್ ಸುತ್ತುವಾಗ ಡಬ್ಬಗಳ ಜೊತೆ ಪ್ಯಾಲೆಟ್‌ನ ಮರವನ್ನೂ ಸೇರಿಸಿ ಸುತ್ತಿ. ಇಲ್ಲದಿದ್ದರೆ ಮೇಲಿನದ್ದೆಲ್ಲ ಒಟ್ಟಾಗಿ ಜಾರುತ್ತದೆ.

ಈಗ ರೇಟಿನ ವಿಷಯ. ಸರಕಿಗೆ 50ರಿಂದ 500ರವರೆಗೆ ಕ್ಲಾಸ್ ಇದೆ, ಒಟ್ಟು 18. ಕ್ಲಾಸ್ ಏರಿದಷ್ಟೂ ದುಡ್ಡು ಏರುತ್ತದೆ. 2025ರ ಜುಲೈನಲ್ಲಿ ಈ ಪಟ್ಟಿಯನ್ನು ದೊಡ್ಡ ಮಟ್ಟದಲ್ಲಿ ಬದಲಾಯಿಸಿದರು. ಈಗ ಬಹಳಷ್ಟು ಸರಕಿನ ಕ್ಲಾಸ್ ತೂಕಕ್ಕೂ ಜಾಗಕ್ಕೂ ಇರುವ ಲೆಕ್ಕದ ಮೇಲೆ ಬರುತ್ತದೆ. ನಿಮ್ಮ ಸಾಮಾನಿನಲ್ಲೇ ನೋಡಿ. ಮಾಮೂಲಿ ಪ್ಯಾಲೆಟ್ 48 ಇಂಚು ಉದ್ದ, 40 ಇಂಚು ಅಗಲ. ಮರವೂ ಸೇರಿ 50 ಇಂಚು ಎತ್ತರಕ್ಕೆ ಜೋಡಿಸಿದಿರಿ ಅನ್ನಿ. ಮೂರನ್ನೂ ಗುಣಿಸಿ 1,728ರಿಂದ (ಒಂದು ಘನ ಅಡಿಗೆ ಅಷ್ಟು ಘನ ಇಂಚು) ಭಾಗಿಸಿದರೆ ಸುಮಾರು 55.5 ಘನ ಅಡಿ. ರಾಗಿ ಹಿಟ್ಟು ತುಂಬಿ 1,200 ಪೌಂಡ್ ತೂಗಿದರೆ ಘನ ಅಡಿಗೆ 21 ಪೌಂಡ್ ಮೇಲೆ. ಆ ಲೆಕ್ಕದ ಪಟ್ಟಿಯಲ್ಲಿ ಅದು ಕ್ಲಾಸ್ 70. ಅದೇ ಅಳತೆಯಲ್ಲಿ ಮಂಡಕ್ಕಿ 250 ಪೌಂಡ್ ತೂಗಿದರೆ ಘನ ಅಡಿಗೆ ನಾಲ್ಕೂವರೆ. ಅದು ಕ್ಲಾಸ್ 175! ಮಂಡಕ್ಕಿಗೆ ಟ್ರಕ್‌ನಲ್ಲಿ ರಾಗಿಗಿಂತ ಮರ್ಯಾದೆ ಜಾಸ್ತಿ, ಏನು ಮಾಡೋಣ. ಕೆಲವು ಸರಕಿಗೆ ಪ್ರತ್ಯೇಕ ಐಟಂ ನಂಬರ್ ಇರುತ್ತದೆ, ಅದನ್ನು ಕ್ಯಾರಿಯರ್ (ಸಾಮಾನು ಸಾಗಿಸುವ ಕಂಪನಿ) ಹತ್ತಿರ ಖಚಿತ ಮಾಡಿಕೊಳ್ಳಿ.

ಬಿಲ್ ಆಫ್ ಲೇಡಿಂಗ್‌ನಲ್ಲಿ (ಸಾಮಾನಿನ ಜೊತೆ ಹೋಗುವ ಸಾಗಣೆ ಪತ್ರ) ಸುಮ್ನೆ "ಆಹಾರ ಪದಾರ್ಥ" ಎಂದು ಬರೆದು ಕಳಿಸಬೇಡಿ. ರಾಗಿ ಒಂದು ಸಾಲು, ಮಂಡಕ್ಕಿ ಇನ್ನೊಂದು ಸಾಲು, ಪ್ರತಿಯೊಂದಕ್ಕೂ ತೂಕ, ಅಳತೆ. ತೂಕವನ್ನು ಅಂದಾಜಿನಲ್ಲಿ ಹಾಕಬೇಡಿ. ಟರ್ಮಿನಲ್‌ನಲ್ಲಿ ತಕ್ಕಡಿ ಇದೆ, ಅಳೆಯುವ ಯಂತ್ರವೂ ಇದೆ. ನಿಮ್ಮ ಲೆಕ್ಕ ತಪ್ಪಿದರೆ ಹೊಸ ಕ್ಲಾಸ್ ಹಾಕುತ್ತಾರೆ, ತಪಾಸಣೆಯ ಫೀಸನ್ನೂ ಸೇರಿಸುತ್ತಾರೆ. ಪ್ಯಾಕ್ ಮಾಡಿದ ಮೇಲೆ ಟೇಪ್ ಹಿಡಿದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ ಬಗ್ಗೆ ತಕರಾರು ಮಾಡುವಾಗ ಅದೊಂದೇ ಕೈ ಹಿಡಿಯುವುದು.

ಡೀಸೆಲ್ ಸರ್‌ಚಾರ್ಜ್ ಬೇರೆ ಇದೆ. ಅಮೆರಿಕದ ಇಂಧನ ಇಲಾಖೆ ವಾರಕ್ಕೊಮ್ಮೆ ಕೊಡುವ ಡೀಸೆಲ್ ಬೆಲೆ ನೋಡಿ ಹೆಚ್ಚಿನವರು ಅದನ್ನು ಏರಿಸಿ ಇಳಿಸುತ್ತಾರೆ. ರೇಟ್ ಕೇಳುವಾಗ "ಸರ್‌ಚಾರ್ಜ್ ಸೇರಿ ಎಷ್ಟು?" ಎಂದೇ ಕೇಳಿ.

ಕೊಲಂಬಸ್ ಹತ್ತಿರದಿಂದ, ಅಂಗಡಿ ನಡೆಸುವವರು:
ಮೇಲಿನವರು ಕಳಿಸುವ ಕಡೆಯದು ಹೇಳಿದರು. ನಾನು ಇಳಿಸಿಕೊಳ್ಳುವ ಕಡೆಯವಳು. ಮೊದಲು ಆ ಗ್ರಾಸರಿಯವರಿಗೆ ಫೋನ್ ಮಾಡಿ, ಡಾಕ್ (ಟ್ರಕ್‌ನ ಎತ್ತರಕ್ಕೆ ಸರಿಯಾಗಿ ಸಾಮಾನು ಇಳಿಸುವ ಕಟ್ಟೆ) ಇದೆಯಾ ಎಂದು ಕೇಳಿ. ನಮ್ಮಂಥ ಸ್ಟ್ರಿಪ್ ಮಾಲ್ ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಟ್ರೇಲರ್‌ನ ನೆಲ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತದೆ. 1,200 ಪೌಂಡ್ ಅಲ್ಲಿಂದ ಯಾರು ಇಳಿಸುತ್ತಾರೆ? ಲಿಫ್ಟ್‌ಗೇಟ್ (ಟ್ರಕ್ ಹಿಂದಿನ, ಸಾಮಾನು ಏರಿಸಿ ಇಳಿಸುವ ಯಂತ್ರದ ಹಲಗೆ) ಬೇಕು, ಅದಕ್ಕೆ ಬೇರೆ ದುಡ್ಡು. ಬುಕ್ ಮಾಡುವಾಗಲೇ ಹೇಳಿ. ಹೇಳದಿದ್ದರೆ ಲಿಫ್ಟ್‌ಗೇಟ್ ಇಲ್ಲದ ಟ್ರಕ್ ಬಂದು ವಾಪಸ್ ಹೋಗುತ್ತದೆ, ಮಾರನೇ ದಿನ ಮತ್ತೆ ತರುವುದಕ್ಕೂ ಚಾರ್ಜ್. ಬರುವ ಮುಂಚೆ ಫೋನ್ ಮಾಡಿ ಅಂದರೆ ಅದಕ್ಕೂ ಕೆಲವರು ಹಾಕುತ್ತಾರೆ. ಇನ್ನೊಂದು ವಿಷಯ. ಡ್ರೈವರ್ ಅಂಗಡಿಯೊಳಗೆ ತಂದುಕೊಡುವುದಿಲ್ಲ, ಟ್ರಕ್ ಹಿಂದೆ ನೆಲದ ಮೇಲೆ ಬಿಟ್ಟು ಹೋಗುತ್ತಾನೆ. ಪ್ಯಾಲೆಟ್ ಜ್ಯಾಕ್ (ಪ್ಯಾಲೆಟ್ ಎತ್ತಿ ತಳ್ಳುವ ಕೈಗಾಡಿ) ನಮ್ಮ ಹತ್ತಿರವೇ ಇರಬೇಕು.

ಅವರಿಗೆ ಇದನ್ನೂ ಹೇಳಿಡಿ: ಡ್ರೈವರ್ ಎಷ್ಟೇ ಅವಸರ ಮಾಡಲಿ, ಎಣಿಸದೆ ಸಹಿ ಹಾಕಬಾರದು. ಪ್ಲಾಸ್ಟಿಕ್ ಹರಿದಿದ್ದರೆ, ಡಬ್ಬ ಜಜ್ಜಿದ್ದರೆ ಡೆಲಿವರಿ ರಸೀದಿಯ ಮೇಲೇ ಬರೆಯಬೇಕು. "ಆಮೇಲೆ ನೋಡುತ್ತೇವೆ" ಎಂದು ಬರೆದರೆ ಉಪಯೋಗವಿಲ್ಲ. "ಎರಡು ಡಬ್ಬ ಒಡೆದಿವೆ" ಎಂದು ಬರೆಯಬೇಕು. ಒಳಗಿನ ಹಾನಿ ಆಮೇಲೆ ಕಂಡರೆ ಐದು ದಿನದೊಳಗೆ ತಿಳಿಸಬೇಕು. ಕ್ಲೇಮ್ ಹಾಕಲು ಕಾನೂನು ಕನಿಷ್ಠ ಒಂಬತ್ತು ತಿಂಗಳು ಕೊಡುತ್ತದೆ. ಆದರೆ ರಸೀದಿಯ ಮೇಲೆ ಹಾನಿ ಬರೆದೇ ಇಲ್ಲದಿದ್ದರೆ ಒಂಬತ್ತು ತಿಂಗಳು ಇಟ್ಟುಕೊಂಡು ಏನು ಮಾಡೋದು?

ಪ್ರಶ್ನೆ ಕೇಳಿದವರು:
ಮೇಡಂ, ಈಗಷ್ಟೇ ಫೋನ್ ಮಾಡಿದೆ. ಡಾಕ್ ಇಲ್ಲವಂತೆ! ಕಡಿಮೆ ಹೇಳಿದವರ ರೇಟಿನಲ್ಲಿ ಲಿಫ್ಟ್‌ಗೇಟ್ ಸೇರಿಲ್ಲ, ಸರ್‌ಚಾರ್ಜೂ ಇಲ್ಲ. ನಾವೇ ಒಂದು 26 ಅಡಿ ಟ್ರಕ್ ಬಾಡಿಗೆಗೆ ತಗೊಂಡು ಹೋಗಿಬಂದರೆ ಹೇಗೆ? ಅದಕ್ಕೆ ಕಮರ್ಷಿಯಲ್ ಲೈಸೆನ್ಸ್ ಬೇಡ ಎನ್ನುತ್ತಾರೆ.

ಇಂಡಿಯಾನಾಪೊಲಿಸ್‌ನವರು:
ಕಮರ್ಷಿಯಲ್ ಲೈಸೆನ್ಸ್ ಬೇಡ, ನಿಜ. 26,000 ಪೌಂಡ್ ಮೀರದ ಟ್ರಕ್ ಆದರೆ ಮಾಮೂಲಿ ಲೈಸೆನ್ಸ್ ಸಾಕು. ಆದರೆ ಅಲ್ಲಿಗೆ ಮುಗಿಯಲಿಲ್ಲ. ವ್ಯಾಪಾರದ ಸಾಮಾನು ರಾಜ್ಯದ ಗಡಿ ದಾಟುತ್ತಿದೆ. ಟ್ರಕ್‌ನ ರೇಟಿಂಗ್ (ಸಾಮಾನು ಸೇರಿ ಇರಬಹುದಾದ ಗರಿಷ್ಠ ತೂಕ) 10,001 ಪೌಂಡ್ ಅಥವಾ ಮೇಲಿದ್ದರೆ, ಸಾಮಾನು ನಿಮ್ಮದೇ ಆದರೂ ಯುಎಸ್ ಡಾಟ್ ನಂಬರ್ (ಅಮೆರಿಕದ ಸಾರಿಗೆ ಇಲಾಖೆಯ ನೋಂದಣಿ) ಬೇಕು. 26 ಅಡಿಯದು ಖಂಡಿತ ಅದರೊಳಗೆ ಬರುತ್ತದೆ. ಬಾಡಿಗೆ, ಡೀಸೆಲ್, ವಿಮೆ, ಜೊತೆಗೆ ಹೋಗಿಬರುವ ನಿಮ್ಮ ಎರಡು ದಿನ. ಮೂರು ಪ್ಯಾಲೆಟ್‌ಗೆ ನಾನಾದರೆ ಮಾಡುವುದಿಲ್ಲ. ಮುಂದೆ ಹತ್ತು ಹನ್ನೆರಡು ಪ್ಯಾಲೆಟ್ ಆದರೆ ಲೆಕ್ಕ ಬೇರೆ. ಆಗಲೂ ಬಾಡಿಗೆ ಟ್ರಕ್‌ಗಿಂತ ಪಾರ್ಷಿಯಲ್ ಲೋಡ್ (ಟ್ರೇಲರ್‌ನ ಒಂದು ಭಾಗ ಮಾತ್ರ ತಗೊಳ್ಳುವುದು) ಕೇಳಿ ನೋಡಿ. ಅದರಲ್ಲಿ ನಡುವೆ ಇಳಿಸಿ ಹತ್ತಿಸುವುದು ಕಡಿಮೆ.

ಮಿನಿಯಾಪೊಲಿಸ್‌ನಿಂದ ಒಬ್ಬರು:
ವ್ಯಾಪಾರದ್ದಲ್ಲ, ನಾನು ಮನೆ ಸಾಮಾನು ಪ್ಯಾಲೆಟ್ ಮಾಡಿ ಸೇಂಟ್ ಲೂಯಿಸ್‌ಗೆ ಕಳಿಸಿದ್ದೆ. ಹಳೆಯ ತೇಗದ ಬೀರುವಿನ ಕಾಲು ಮುರಿದು ಬಂತು. ಹಳೆ ಸಾಮಾನಿಗೆ ಅನೇಕ ಕ್ಯಾರಿಯರ್‌ಗಳ ನಿಯಮದಲ್ಲಿ ಪೌಂಡಿಗೆ 10 ಸೆಂಟ್ ಮಾತ್ರ ಜವಾಬ್ದಾರಿ. ನೂರು ಪೌಂಡ್ ಬೀರುವಿಗೆ ಹತ್ತು ಡಾಲರ್! ಹೊಸ ಸಾಮಾನಿಗೆ ಇಷ್ಟು ಕೆಟ್ಟದಾಗಿ ಇರುವುದಿಲ್ಲ. ಆದರೂ ಪೌಂಡಿಗೆ ಎಷ್ಟು ಎಂದು ಮೊದಲೇ ಓದಿಕೊಳ್ಳಿ. ಸಾಂಬಾರ್ ಪುಡಿಗೆ ಬೆಲೆ ಜಾಸ್ತಿ, ತೂಕ ಕಡಿಮೆ ಅಲ್ವಾ. ವಿಮೆ ಬೇಕಾಗಬಹುದು.

ಡೇಟನ್‌ನಿಂದ, ಗೋಡೌನ್ ಮ್ಯಾನೇಜರ್:
ಮೂರು ಮಾತು, ಬೇಗ ಹೇಳುತ್ತೇನೆ.

ಬ್ರೋಕರ್ ಮೂಲಕ ಹೋದರೆ ಸಾಮಾನು ನಿಜವಾಗಿ ಎತ್ತುವ ಕ್ಯಾರಿಯರ್ ಯಾರು ಎಂದು ಹೆಸರು ಕೇಳಿ. ಅವರ ಡಾಟ್ ನಂಬರನ್ನು ಸರ್ಕಾರದ ಸೇಫರ್ ತಾಣದಲ್ಲಿ ಹಾಕಿ ನೋಡಿ, ಪುಕ್ಕಟೆ. ಒಬ್ಬ ಬ್ರೋಕರ್ ತಗೊಂಡು ಇನ್ನೊಬ್ಬನಿಗೆ ದಾಟಿಸುವ ಆಟ ಜಾಸ್ತಿ ಆಗಿದೆ. ಈ ದಾರಿಯಲ್ಲಿ ಡೇಟನ್ ಫ್ರೈಟ್, ಆರ್ ಪ್ಲಸ್ ಎಲ್ ಥರದವರು ಓಹಾಯೋದವರೇ, ನೇರ ಅವರ ಹತ್ತಿರವೂ ರೇಟ್ ತಗೊಳ್ಳಿ. ಒಬ್ಬರನ್ನೇ ನೆಚ್ಚಿಕೊಳ್ಳಬೇಡಿ. 2023ರಲ್ಲಿ ಯೆಲ್ಲೋ ಕಂಪನಿ ಮುಚ್ಚಿದಾಗ ಅದರ ಜೊತೆ ಮಿಡ್‌ವೆಸ್ಟ್‌ನ ಹಾಲಂಡ್ ಕೂಡ ನಿಂತುಹೋಯಿತು. ಅವರನ್ನೇ ನಂಬಿದ್ದವರು ರಾತ್ರೋರಾತ್ರಿ ಬೇರೆಯವರನ್ನು ಹುಡುಕಬೇಕಾಯಿತು.

ಚಳಿಗಾಲದಲ್ಲಿ ಟ್ರೇಲರ್ ಒಳಗೆ ಹೀಟರ್ ಇರುವುದಿಲ್ಲ. ಎಣ್ಣೆ ಉಪ್ಪಿನಕಾಯಿಗೆ ಅಷ್ಟು ಭಯವಿಲ್ಲ, ನೀರಿನಂಶದ ಗಾಜಿನ ಬಾಟಲಿ ಇದ್ದರೆ ಹೆಪ್ಪುಗಟ್ಟಿ ಒಡೆಯುತ್ತದೆ. ಹೆಪ್ಪುಗಟ್ಟದಂತೆ ಸಾಗಿಸುವ ಸೇವೆಯನ್ನು ಕೆಲವು ಕ್ಯಾರಿಯರ್‌ಗಳು ಕೊಡುತ್ತಾರೆ. ಅದನ್ನು ಬಿಲ್ ಆಫ್ ಲೇಡಿಂಗ್ ಮೇಲೆ ಬರೆಯಲೇಬೇಕು.

ಶುಕ್ರವಾರ ಪಿಕಪ್ ಇಟ್ಟುಕೊಳ್ಳಬೇಡಿ. ಶನಿವಾರ ಭಾನುವಾರ ಸಾಮಾನು ಟರ್ಮಿನಲ್‌ನಲ್ಲೇ ಕೂತಿರುತ್ತದೆ. ಸೋಮವಾರ ಅಥವಾ ಮಂಗಳವಾರ ಎತ್ತಿಸಿದರೆ ಗುರುವಾರದೊಳಗೆ ಅಂಗಡಿಗೆ ಸೇರಬಹುದು. ಅವರಿಗೂ ವಾರಾಂತ್ಯದ ವ್ಯಾಪಾರಕ್ಕೆ ಸಿಗುತ್ತದೆ.