ಸಹಾಯ ಬೇಕು: ಶಿಬಿರದ ಮೊದಲ ದಿನಕ್ಕೆ ಆರು ಜನ

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಮಕ್ಕಳ ರಂಗಶಿಬಿರ, 8ರಿಂದ 14 ವರ್ಷದ 90 ಮಕ್ಕಳು. ಮೊದಲ ದಿನ ಬೆಳಿಗ್ಗೆ 9ರಿಂದ 10ರವರೆಗೆ ಮನೆಯವರನ್ನು ಬರಮಾಡಿಕೊಳ್ಳಲು ಆರು ಜನ ಬೇಕು. 8 ಗಂಟೆಗೇ ಬರಬೇಕು, ತಿಂಡಿ ಇರುತ್ತೆ.

ಒಂದೇ ಮೇಜಿಟ್ಟರೆ ಸಾಲು ಗೇಟು ದಾಟುತ್ತದೆ. ಮಗುವಿಗೆ ಎರಡೇ ನಿಮಿಷ ಎಂದರೂ ಮೂರು ಗಂಟೆ ಬೇಕು. ಅದಕ್ಕೇ ಮೂರು ಮೇಜು, ತಲಾ ಇಬ್ಬರು. ಒಬ್ಬರು ಅಲರ್ಜಿ, ಫಿಟ್ಸ್, ಇನ್‌ಹೇಲರ್ ಬಗ್ಗೆ ಬಾಯಿಬಿಟ್ಟು ಕೇಳಬೇಕು. ಫಾರಂನಲ್ಲಿ ಆ ಕಾಲಂ ಖಾಲಿ ಬಿಡುವವರೇ ಜಾಸ್ತಿ. ಇನ್ನೊಬ್ಬರು ಸಂಜೆ ಕರೆದೊಯ್ಯುವವರ ಹೆಸರು, ಎರಡು ಫೋನ್ ನಂಬರ್ ಬರೆದುಕೊಳ್ಳಬೇಕು. ‘ಆಟೋದವರು ಬರ್ತಾರೆ’ ಅಂದರೆ ಸಾಲದು, ಯಾವ ಆಟೋದವರು ಅಂತ ಬರೆಸಿ. ಹೆಸರಿನ ಚೀಟಿ ಅಂಗಿಗೆ ಅಂಟಿಸಿ. ಕುತ್ತಿಗೆಗೆ ದಾರ ಬೇಡ, ಓಡಾಡುವಾಗ ಸಿಕ್ಕಿಕೊಳ್ಳುತ್ತದೆ.

ಶಿಬಿರದ ನಿರ್ದೇಶಕರಿಬ್ಬರೂ ಗೇಟಿನಲ್ಲೇ ನಿಂತು ಮಾತಾಡಿಸುತ್ತಾರೆ. ವೇದಿಕೆ, ಹಾರ, ಭಾಷಣ ಬೇಡವೇ ಬೇಡ. ಬಿಸಿಲಲ್ಲಿ ಪುಟಾಣಿಗಳನ್ನು ಕೂರಿಸಿ ಪರಿಚಯ ಮಾಡಿಸುವುದು ಯಾರಿಗೂ ಹಿತವಲ್ಲ.

ಇನ್ನೊಂದು ಪ್ರಶ್ನೆ: ಅಳುವ ಮಗುವಿನ ಅಮ್ಮ ಕಿಟಕಿ ಪಕ್ಕ ನಿಂತರೆ ಅಳು ನಿಲ್ಲುವುದಿಲ್ಲ. ಅವರಿಗೆ ಬೇಸರವಾಗದ ಹಾಗೆ ಹೊರಗೆ ಕಳಿಸುವುದು ಹೇಗೆ? ಶಿಬಿರ ನಡೆಸಿದವರು ದಯವಿಟ್ಟು ಹೇಳಿ.