ಹ್ಯಾಮ್ ರೇಡಿಯೋದ 40 ಮೀಟರ್ ಬ್ಯಾಂಡಿನಲ್ಲಿ ಬರೀ ಗದ್ದಲವೇ? ಹೊಸ ಆಂಟೆನಾ ತರಿಸುವ ಮೊದಲು ನನ್ನ ಅನುಭವ ಕೇಳಿ

ನಮಸ್ಕಾರ ಓಎಂ (ಹ್ಯಾಮ್‌ಗಳು ಗೆಳೆಯನನ್ನು ಕರೆಯುವುದು ಹೀಗೆ). ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ವಿಜಯನಗರದಲ್ಲಿ 30-40 ಸೈಟಿನ ಮನೆ, ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಹೊಸದು, ತಾರಸಿ ಮೇಲೆ 40 ಮೀಟರ್ ಬ್ಯಾಂಡಿಗೆ (ಸುಮಾರು 7 ಮೆಗಾಹರ್ಟ್ಸ್) ಡೈಪೋಲ್, ಅಂದರೆ ನಡುವೆ ಕೇಬಲ್ ಸೇರಿಸಿದ ತಂತಿ ಆಂಟೆನಾ, ಕಟ್ಟಿದ್ದೀರಿ, ಆದರೆ ಸಂಜೆಯಾದರೆ ಸಿಗ್ನಲ್ಲಿನ ಜೋರು ತೋರಿಸುವ ಎಸ್ ಮೀಟರ್ 9ರಿಂದ ಕೆಳಗೆ ಇಳಿಯುವುದೇ ಇಲ್ಲ. ದುಬಾರಿ ವರ್ಟಿಕಲ್ (ನೆಟ್ಟಗೆ ನಿಲ್ಲುವ ಆಂಟೆನಾ) ತರಿಸಲೋ, ಕೇಬಲ್ ಬದಲಿಸಲೋ ಅಂತ ಯೋಚನೆ. ದಯವಿಟ್ಟು ಎರಡನ್ನೂ ಈಗಲೇ ಕೊಳ್ಳಬೇಡಿ. ಮೊದಲು ಗದ್ದಲ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ನನಗೂ ಹೀಗೇ ಆಗಿತ್ತು. ಒಂದು ವರ್ಷ ಪೂರ್ತಿ ಆಂಟೆನಾ ಸರಿಯಿಲ್ಲ ಅಂತಲೇ ನಂಬಿದ್ದೆ. ಒಂದು ಸಂಜೆ ಇಡೀ ಬೀದಿಯ ಕರೆಂಟ್ ಹೋಯಿತು, ರಿಗ್ (ರೇಡಿಯೋ ಸೆಟ್) ಬ್ಯಾಟರಿಯಲ್ಲಿ ಓಡುತ್ತಿತ್ತು, ಮೀಟರು 9ರಿಂದ ಸರ್ರನೆ 4ಕ್ಕೆ ಇಳಿಯಿತು. ಅದೇ ತಂತಿ, ಅದೇ ಕೇಬಲ್. ಅಲ್ಲಿಯವರೆಗೆ ಖಾಲಿ ಅಂದುಕೊಂಡಿದ್ದ ಬ್ಯಾಂಡಿನಲ್ಲಿ ಹತ್ತಾರು ಜನ ಮಾತಾಡುತ್ತಿದ್ದರು! ಮೀಟರಿನ ಒಂದು ಎಸ್ ಅಂದರೆ 6 ಡಿಬಿ (ಡೆಸಿಬೆಲ್), ಐದು ಇಳಿದರೆ 30 ಡಿಬಿ. ಯಾವ ಆಂಟೆನಾ ಕೊಂಡರೂ ಅಷ್ಟು ಸಿಗುವುದಿಲ್ಲ.

ಹಾಗಾಗಿ ಮೊದಲ ಕೆಲಸ, ರಿಗ್ಗನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಇಲ್ಲದಿದ್ದರೆ ಅದೇ ದೊಡ್ಡ ಗದ್ದಲ ಎಬ್ಬಿಸುತ್ತದೆ. ಗದ್ದಲ ಇಳಿದರೆ ಕಳ್ಳ ನಿಮ್ಮ ಮನೆಯಲ್ಲೇ ಇದ್ದಾನೆ. ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಹಾಕುತ್ತಾ ಹೋಗಿ. ನಮ್ಮ ಮನೆಯಲ್ಲಿ ಸಿಕ್ಕವು ಮೂರು: ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ನೀರಿನ ಫಿಲ್ಟರಿನದು, ಮೆಟ್ಟಿಲ ಹತ್ತಿರದ ಅಗ್ಗದ ಎಲ್ಇಡಿ ಬಲ್ಬು. ಮೂರನ್ನೂ ಬದಲಿಸಿದ ಖರ್ಚು ಆ ವರ್ಟಿಕಲ್ಲಿನ ಬೆಲೆಯ ಮುಂದೆ ಏನೂ ಅಲ್ಲ.

ಮೇನ್ ತೆಗೆದರೂ ಇಳಿಯದಿದ್ದರೆ ಗದ್ದಲದ ಸ್ವಭಾವ ಗಮನಿಸಿ. ಬೆಳಿಗ್ಗೆ ಬಿಸಿಲು ಬಂದಾಗ ಶುರುವಾಗಿ ಸೂರ್ಯ ಮುಳುಗಿದಾಗ ನಿಂತರೆ ಯಾರದೋ ತಾರಸಿಯ ಸೋಲಾರ್ ಇರಬಹುದು. ಬೀದಿ ದೀಪ ಹೊತ್ತುವ ಸಮಯಕ್ಕೇ ಬಂದರೆ ಆ ದೀಪದ ಕಡೆ ನೋಡಿ. ಡಯಲ್ ತಿರುಗಿಸಿದಾಗ ಅಷ್ಟಷ್ಟು ದೂರಕ್ಕೆ ಉಬ್ಬು ಉಬ್ಬಾಗಿ ಕೇಳಿ, ಆ ಉಬ್ಬು ನಿಧಾನಕ್ಕೆ ಜರುಗುತ್ತಿದ್ದರೆ ಅದು ಚಾರ್ಜರ್ ಅಥವಾ ಅಡಾಪ್ಟರ್ ಜಾತಿಯದು. ಒಣ ಹವೆಯಲ್ಲಿ ಜಾಸ್ತಿಯಾಗಿ ಮಳೆ ಬಿದ್ದ ಮೇಲೆ ಮಾಯವಾಗುವ ಒರಟಾದ ಗುಂಯ್ ಸದ್ದಾದರೆ ಕಂಬದ ಮೇಲೆ ಎಲ್ಲೋ ಕಿಡಿ ಹಾರುತ್ತಿದೆ. ಅದನ್ನು ನಾವು ಮುಟ್ಟುವಂತಿಲ್ಲ, ಕಂಬದ ನಂಬರ್ ಬರೆದುಕೊಂಡು ದೂರು ಕೊಡಬೇಕು.

ಪಕ್ಕದ ಮನೆಯದಾದರೆ ಜಗಳಕ್ಕೆ ಹೋಗಬೇಡಿ. ನಮ್ಮ ಪಕ್ಕದ ಆಂಟಿ ಮನೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರ್ ರಾತ್ರಿಯಿಡೀ ಓಡುತ್ತಿತ್ತು. ನಾನು ಒಂದು ಸಣ್ಣ ಟ್ರಾನ್ಸಿಸ್ಟರ್ ತೆಗೆದುಕೊಂಡು ಹೋಗಿ, ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಹಾಕಿ, ಚಾರ್ಜರಿನ ಹತ್ತಿರ ಹಿಡಿದು ತೋರಿಸಿದೆ. ಅಷ್ಟು ಜೋರಾದ ಸ್ಟೇಷನ್ನೇ ಮುಳುಗಿ ಹೋಯಿತು. "ಅಯ್ಯೋ, ಇಷ್ಟೊಂದಾ? ಏನ್ ಬೇಕೋ ಮಾಡಪ್ಪ" ಅಂದರು. ಚಾರ್ಜರಿನ ವೈರನ್ನು ಫೆರೈಟ್ ರಿಂಗಿಗೆ (ಗದ್ದಲ ತಡೆಯುವ ಕಾಂತೀಯ ಬಳೆ) ಎಂಟು ಸುತ್ತು ಸುತ್ತಿಕೊಟ್ಟೆ, ಅರ್ಧಕ್ಕರ್ಧ ಕಡಿಮೆಯಾಯಿತು.

ಇನ್ನು ಕೇಬಲ್, ಅಂದರೆ ರಿಗ್ಗಿನಿಂದ ಆಂಟೆನಾಕ್ಕೆ ಹೋಗುವ, ಜಾಲರಿ ಹೊದಿಸಿದ ಕೋಆಕ್ಸ್. ನನ್ನ ಪ್ರಕಾರ ಬಹಳ ಜನ ಎಡವುವುದು ಇಲ್ಲೇ. 7 ಮೆಗಾಹರ್ಟ್ಸಿನಲ್ಲಿ 20 ಮೀಟರ್ ಉದ್ದದ ಆರ್‌ಜಿ-58 ಕೇಬಲ್ ನುಂಗುವುದು ಒಂದು ಡಿಬಿಗಿಂತ ಕಡಿಮೆ. ಕಿವಿಗೆ ಗೊತ್ತೇ ಆಗುವುದಿಲ್ಲ. ಟಿವಿಯ ಆರ್‌ಜಿ-6 ಕೂಡ ನಡೆಯುತ್ತದೆ, ಡೈಪೋಲಿಗೆ 75 ಓಮ್ ಸರಿಯಾಗಿಯೇ ಹೊಂದುತ್ತದೆ. ಅದರ ಅಲ್ಯೂಮಿನಿಯಂ ಜಾಲರಿಗೆ ಬೆಸುಗೆ ಹಿಡಿಯುವುದಿಲ್ಲ, ಅದಕ್ಕೆಂದೇ ಬರುವ ಕನೆಕ್ಟರ್ ಒತ್ತಿಸಬೇಕು, ಅಷ್ಟೇ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಕೇಬಲ್ ಕೊಳ್ಳುವಾಗ ತುದಿ ಸುಲಿಸಿ ನೋಡಿ. ಜಾಲರಿ ಒತ್ತಾಗಿ ಹೆಣೆದಿರಬೇಕು, ಒಳಗಿನ ಬಿಳಿ ಪ್ಲಾಸ್ಟಿಕ್ ಕಾಣುವಷ್ಟು ತೆಳುವಾಗಿದ್ದರೆ ಬೇಡ.

ನಿಜವಾದ ತೊಂದರೆ ಕೇಬಲ್ಲಿನ ನಷ್ಟ ಅಲ್ಲ, ಕೇಬಲ್ಲಿನ ಹೊರಮೈ. ಮನೆಯ ಅಡಾಪ್ಟರುಗಳ ಗದ್ದಲ ವೈರಿಂಗಿನಿಂದ ರಿಗ್ಗಿಗೆ, ಅಲ್ಲಿಂದ ಜಾಲರಿಯ ಹೊರಮೈ ಹಿಡಿದು ಮೇಲಕ್ಕೆ ಹತ್ತಿ, ಡೈಪೋಲಿನ ಬಾಯಿಯಲ್ಲಿ (ಕೇಬಲ್ ತಂತಿಗೆ ಸೇರುವ ಜಾಗ) ಸಿಗ್ನಲ್ ಜೊತೆ ಸೇರಿಕೊಂಡು ಒಳಮೈಯಿಂದ ವಾಪಸ್ ಇಳಿಯುತ್ತದೆ. ಪರೀಕ್ಷೆ ಸುಲಭ. ಮೇಲೆ ಆಂಟೆನಾ ಬಿಚ್ಚಿ ಆ ಜಾಗದಲ್ಲಿ 50 ಓಮಿನ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಹಾಕುವ ರೆಸಿಸ್ಟರ್) ಹಾಕಿ, ಕೆಳಗೆ ಬಂದು ಕೇಳಿ. ಆಗಲೂ ಗದ್ದಲ ಇದ್ದರೆ ಕೇಬಲ್ಲೇ ಆಂಟೆನಾ ಆಗಿಬಿಟ್ಟಿದೆ. ಪ್ರಸಾರ ಮಾತ್ರ ಮಾಡಬೇಡಿ, ಸುಮ್ನೆ ಕೇಳಿ ಸಾಕು.

ಇದಕ್ಕೆ ಮದ್ದು ಚೋಕ್, ಅಂದರೆ ಹೊರಮೈಯ ಗದ್ದಲವನ್ನು ತಡೆಯುವ ಕೇಬಲ್ ಸುರುಳಿ. 31 ಮಿಕ್ಸ್ ಅನ್ನುವ ಜಾತಿಯ ಫೆರೈಟಿನ 2.4 ಇಂಚಿನ ರಿಂಗ್ ತನ್ನಿ, ಅದರ ಮೇಲೆ ಆರ್‌ಜಿ-58 ಕೇಬಲ್ಲನ್ನೇ ಹನ್ನೆರಡು ಸುತ್ತು ಸುತ್ತಿ. ಒಂದು ಡೈಪೋಲಿನ ಬಾಯಿಯಲ್ಲಿ, ಇನ್ನೊಂದು ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ. ಕೇಬಲ್ಲಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಒಂದೆರಡು ಫೆರೈಟ್ ಈ ಬ್ಯಾಂಡುಗಳಲ್ಲಿ ಸಾಲುವುದಿಲ್ಲ. ಸುತ್ತು ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ, ಅದಕ್ಕೇ ಸುತ್ತಬೇಕು. ಗುರುತಿಲ್ಲದ ರಿಂಗ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಯಾವ ಮಿಕ್ಸ್ ಅಂತ ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಆಂಟೆನಾ ಬಗ್ಗೆ. 7.1 ಮೆಗಾಹರ್ಟ್ಸಿಗೆ ಡೈಪೋಲ್ 66 ಅಡಿ. 30-40 ಸೈಟಿನ ಮೂಲೆಯಿಂದ ಮೂಲೆಗೆ 50 ಅಡಿ. ನೇರವಾಗಿ ಎಳೆದರೆ ಜಾಗ ಸಾಲುವುದಿಲ್ಲ ಅಲ್ವಾ? ನಾನು ತಾರಸಿಯ ನಡುವೆ 20 ಅಡಿಯ ಬಿದಿರು ನಿಲ್ಲಿಸಿ ಇನ್ವರ್ಟೆಡ್ ವೀ (ನಡು ಎತ್ತರ, ತುದಿಗಳು ತಗ್ಗು) ಮಾಡಿದೆ, ಎರಡೂ ತುದಿಯಲ್ಲಿ ಉಳಿದ ಆರೇಳು ಅಡಿಯನ್ನು ಪ್ಯಾರಾಪೆಟ್ಟಿನ ಗುಂಟ, ಅದಕ್ಕಿಂತ ಎತ್ತರದಲ್ಲಿ, ಬಗ್ಗಿಸಿದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ತುದಿಗಳು ಮಾತ್ರ ಕೈಗೆ ಎಟುಕದ ಎತ್ತರದಲ್ಲಿರಲಿ. ಪ್ರಸಾರ ಮಾಡುವಾಗ ಅಲ್ಲಿ ವೋಲ್ಟೇಜ್ ಜಾಸ್ತಿ, ಬಟ್ಟೆ ಒಣಗಿಸಲು ಬಂದವರಿಗೆ ಕೈ ಸುಡುತ್ತದೆ. ಇಷ್ಟು ತಗ್ಗಿನ ಡೈಪೋಲ್ ಸಿಗ್ನಲ್ಲನ್ನು ನೆತ್ತಿಯ ಮೇಲಕ್ಕೆ ಕಳಿಸುತ್ತದೆ, ಹಗಲಲ್ಲಿ ಹುಬ್ಬಳ್ಳಿ, ಮಂಗಳೂರು, ಚೆನ್ನೈ ಜೊತೆ ಮಾತಾಡಲು ಅದೇ ಬೇಕು. ವರ್ಟಿಕಲ್ ದೂರದ ದೇಶಗಳಿಗೆ ಒಳ್ಳೆಯದು, ಆದರೆ ಊರಿನ ಗದ್ದಲವನ್ನು ಡೈಪೋಲಿಗಿಂತ ಜಾಸ್ತಿ ಹೀರುತ್ತದೆ. ನಿಮ್ಮ ತೊಂದರೆಗೆ ಅದು ತಕ್ಕ ಮದ್ದಲ್ಲ.

ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟಿನಲ್ಲಿರುವ ಗೆಳತಿಯೊಬ್ಬರು ಬಾಲ್ಕನಿಯಿಂದ ಎದುರಿನ ಸಿಲ್ವರ್ ಓಕ್ ಮರಕ್ಕೆ 66 ಅಡಿಯ ಎಂಡ್ ಫೆಡ್ (ಒಂದು ತುದಿಗೆ ಮಾತ್ರ ಕೇಬಲ್ ಸೇರಿಸುವ) ತಂತಿ ಎಳೆದಿದ್ದಾರೆ. ಮೊದಲು ಗದ್ದಲ ವಿಪರೀತ, ಯಾಕೆಂದರೆ ಅದರಲ್ಲಿ ಕೇಬಲ್ಲಿನ ಹೊರಮೈಯೂ ಆಂಟೆನಾದ ಭಾಗವೇ. ತಂತಿಯನ್ನು ಕೇಬಲ್ಲಿಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರಿನಿಂದ ನಾಲ್ಕು ಮೀಟರ್ ಬಿಟ್ಟು ಚೋಕ್ ಹಾಕಿದ ಮೇಲೆ ಎರಡು ಎಸ್ ಇಳಿಯಿತಂತೆ. ಬನಶಂಕರಿಯ ಇನ್ನೊಬ್ಬರು ಕೇಳುವುದಕ್ಕೆ ಮಾತ್ರ ಒಂದು ಮೀಟರ್ ಅಗಲದ ಲೂಪ್ (ಬಳೆಯಂಥ ಆಂಟೆನಾ) ಇಟ್ಟಿದ್ದಾರೆ, ಅದನ್ನು ತಿರುಗಿಸಿದರೆ ಒಂದು ದಿಕ್ಕಿನ ಗದ್ದಲ ಸತ್ತೇ ಹೋಗುತ್ತದೆ. ರಿಗ್ಗಿನಲ್ಲಿ ಕೇಳುವ ಆಂಟೆನಾಕ್ಕೆ ಬೇರೆ ಸಾಕೆಟ್ ಇಲ್ಲದಿದ್ದರೆ ಆ ಪ್ರಯೋಗ ಈಗ ಬೇಡ, ಪ್ರಸಾರ ಮಾಡಿದಾಗ ಲೂಪಿನ ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ.

80 ಮೀಟರ್ ಬ್ಯಾಂಡಿಗೆ ಕೈ ಹಾಕುವುದಾದರೆ ನವೆಂಬರಿನಿಂದ ಫೆಬ್ರವರಿವರೆಗಿನ ರಾತ್ರಿಗಳು ಒಳ್ಳೆಯವು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗಿನ ಚಟಪಟವೇ ಜಾಸ್ತಿ. ಆ ತಿಂಗಳುಗಳಲ್ಲಿ ಕೇಳಿ ಮುಗಿದ ಕೂಡಲೇ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕಿಬಿಡಿ.

ತಂತಿ ಕಟ್ಟುವಾಗ ರಸ್ತೆ ಬದಿಯ ಕರೆಂಟ್ ಲೈನು ಎಷ್ಟು ದೂರ ಇದೆ ನೋಡಿ. ಬಿದಿರು ಯಾವ ಕಡೆ ಬಿದ್ದರೂ, ತಂತಿ ಎಲ್ಲಿ ತುಂಡಾದರೂ ಆ ಲೈನಿಗೆ ತಾಕಬಾರದು. ಈ ಒಂದು ವಿಷಯದಲ್ಲಿ ಯಾರು ಏನೇ ಹೇಳಿದರೂ ರಾಜಿ ಬೇಡ.

ಈ ಶನಿವಾರ ಸಂಜೆ ಮೇನ್ ಆಫ್ ಮಾಡಿ ನೋಡಿ. ಮೀಟರು ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಬರೆಯಿರಿ, ಮುಂದಿನದು ಅದರ ಮೇಲೆ ಹೇಳುತ್ತೇನೆ. 73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ).