ಅಜ್ಜನ ಕೋವಿಗೆ ಯಾವ ಪ್ಯಾಡ್ ಹಾಕುವುದು?

ಪ್ರಶ್ನೆ, ಕಾರ್ಕಳದಿಂದ:
ಅಜ್ಜನ ಕಾಲದ ಇಂಗ್ಲಿಷ್ ಜೋಡು ನಳಿಗೆ ಕೋವಿ, ಹನ್ನೆರಡು ಬೋರಿನದು. ಬೆಳೆ ರಕ್ಷಣೆಯ ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿ ಉಂಟು. ಒದೆತ ತಡೆಯಲು ಹಿಂಬದಿಯಲ್ಲಿ, ಭುಜಕ್ಕೆ ತಾಗುವಲ್ಲಿ ಹಾಕಿದ ಕಪ್ಪು ರಬ್ಬರ್ ಪ್ಯಾಡ್ ಗಟ್ಟಿಯಾಗಿ ಬಿಸ್ಕತ್ತಿನ ಹಾಗೆ ಉದುರುತ್ತಿದೆ. ಅದರ ಬದಿಯಲ್ಲಿ ತೂತುಗಳು, ಮರಕ್ಕೆ ತಾಗಿದಲ್ಲಿ ಒಂದು ಬಿಳಿ ಗೆರೆ. ಹೊಸದು ಹಾಕುವುದಾದರೆ ಕೋವಿಯ ಕಾಲಕ್ಕೆ ಒಪ್ಪುವಂಥದ್ದೇ ಆಗಬೇಕು. ಯಾರಾದರೂ ಮಾಡಿಸಿದ್ದೀರಾ?

ಪುತ್ತೂರಿನಿಂದ:
ಬಿಳಿ ಗೆರೆ ಎಂದಿರಲ್ಲ, ಅಲ್ಲೇ ಗೊತ್ತಾಯಿತು. ಅದು ಅಮೆರಿಕದ ಪ್ಯಾಕ್‌ಮೇಯರ್ ಕಂಪನಿ ಹೆಸರು ಮಾಡಿದ ನಮೂನೆ. ಹಳೆ ಇಂಗ್ಲಿಷ್ ಕೋವಿಗೆ ಅದು ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಯಾರೋ ಹಾಕಿಸಿದ್ದು.

ಯಾವ ಪ್ಯಾಡ್ ಎಂದು ಕೇಳುವ ಮೊದಲು, ಪ್ಯಾಡ್ ಇತ್ತಾ ಎಂದು ನೋಡಿ ಮಾರಾಯ್ರೆ. ಆಗಿನ ಎಷ್ಟೋ ಇಂಗ್ಲಿಷ್ ಕೋವಿಗಳ ಹಿಂಬದಿ ಬರೀ ಮರ. ಜಾರದ ಹಾಗೆ ಅದರ ಮೇಲೆ ಸಣ್ಣ ಸಣ್ಣ ಚೌಕುಳಿ ಕೆತ್ತಿರುತ್ತಾರೆ. ಎರಡು ಸ್ಕ್ರೂ ಬಿಚ್ಚಿ ಪ್ಯಾಡ್ ತೆಗೆಯಿರಿ. ಅಡಿಯಲ್ಲಿ ಚೌಕುಳಿ ಕಂಡರೆ ನಿಮ್ಮ ಅದೃಷ್ಟ. ಸ್ಕ್ರೂ ತೂತಿಗೆ ಅದೇ ಜಾತಿಯ ಮರದ ಬೆಣೆ ಹೊಡೆಸಿ, ಹಾಗೆಯೇ ಬಿಡಿ. ಭುಜ ನೋಯುತ್ತದೆ ಎಂದಾದರೆ ಮೇಲಿಂದ ತೊಡಿಸುವ ಚರ್ಮದ ಚೀಲ ಸಿಗುತ್ತದೆ. ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಿರಿ.

ಗರಗಸದ ಗುರುತು ಕಂಡರೆ ಮರವನ್ನು ಮೊದಲೇ ಕತ್ತರಿಸಿ ಆಗಿದೆ ಎಂದು ಅರ್ಥ. ಹಾಗಿದ್ದರೆ ಇಂಗ್ಲಿಷ್ ಕೋವಿಗೆ ಸಿಲ್ವರ್ಸ್ ನಮೂನೆಯ ಪ್ಯಾಡ್ ಚಂದ. ಇಟ್ಟಿಗೆಗೆ ಸ್ವಲ್ಪ ಕಿತ್ತಳೆ ಬೆರೆಸಿದಂಥ ಬಣ್ಣ, ಬದಿಯಲ್ಲಿ ತೂತಿಲ್ಲ, ಬಿಳಿ ಗೆರೆ ಇಲ್ಲ. ಸ್ಕ್ರೂ ಕಾಣದ ಹಾಗೆ ಎರಡು ರಬ್ಬರ್ ಬಿರಡೆ ಇರುತ್ತವೆ. ಇನ್ನೂ ಒಳ್ಳೆಯದು ಬೇಕಾದರೆ ಚರ್ಮ ಹೊದೆಸಿದ್ದು. ಖರ್ಚು ಜಾಸ್ತಿ, ಆದರೆ ಕೋವಿ ಎತ್ತುವಾಗ ಅಂಗಿಗೆ ಹಿಡಿಯುವುದಿಲ್ಲ. ಹಾಕಿನ್ಸ್ ಪ್ಯಾಡ್ ಬೇಡ, ಅದು ಪಾರ್ಕರ್‌ನಂಥ ಅಮೆರಿಕದ ಕೋವಿಗಳಿಗೆ ಸರಿ. ಈ ಹಳೆ ನಮೂನೆಗಳನ್ನು ಹೊರದೇಶದಲ್ಲಿ ಈಗಲೂ ಹೊಸದಾಗಿ ಮಾಡುತ್ತಾರೆ.

ಕಾಲ ಗೊತ್ತಿಲ್ಲದಿದ್ದರೆ ಕೋವಿ ಮಡಚಿ, ನಳಿಗೆಯ ಅಡಿಯ ಚಪ್ಪಟೆ ಜಾಗ ನೋಡಿ. ಅಲ್ಲಿ ಪ್ರೂಫ್ ಮುದ್ರೆ, ಅಂದರೆ ನಳಿಗೆ ಒತ್ತಡ ತಾಳುತ್ತದೆ ಎಂದು ಪರೀಕ್ಷಿಸಿ ಹೊಡೆದ ಗುರುತು, ಇರುತ್ತದೆ. ಒತ್ತಡವನ್ನು ಟನ್ ಲೆಕ್ಕದಲ್ಲಿ ಹೊಡೆದಿದ್ದರೆ 1954ರ ಬ್ರಿಟಿಷ್ ಪ್ರೂಫ್ ನಿಯಮದ ನಂತರದ್ದು. ಟನ್ ಇಲ್ಲದೆ ಚರೆಯ ತೂಕ ಔನ್ಸಿನಲ್ಲಿದ್ದರೆ ಅದಕ್ಕಿಂತ ಹಳೆಯದು.

ನನ್ನ ಪೆದ್ದುತನವನ್ನೂ ಹೇಳುತ್ತೇನೆ. ನೋಡಲು ಮೆತ್ತಗಿದೆ ಎಂದು ಒಂದು ಇಂಚಿನ ದಪ್ಪ ಪ್ಯಾಡನ್ನು ಮರ ಕತ್ತರಿಸದೆ ಹಾಗೆಯೇ ಅಂಟಿಸಿದೆ. ಟ್ರಿಗರಿನಿಂದ ಹಿಂಬದಿಗೆ ಹದಿನಾಲ್ಕೂವರೆ ಇದ್ದದ್ದು ಹದಿನೈದೂವರೆ ಇಂಚಾಯಿತು. ಆಟಿ ತಿಂಗಳ ಮಳೆ, ತೋಟಕ್ಕೆ ಹಂದಿ ನುಗ್ಗಿದೆ, ಗಾಳಿಗೊಂದು ಬಿಡೋಣ ಎಂದು ಎತ್ತಿದರೆ ಪ್ಯಾಡ್ ಮಳೆ ಕೋಟಿನ ಕಂಕುಳಿಗೆ ಸಿಕ್ಕಿಕೊಂಡಿತು. ನಾನು ಬಿಡಿಸಿಕೊಳ್ಳುವಷ್ಟರಲ್ಲಿ ಹಂದಿ ಪಕ್ಕದವರ ತೋಟದಲ್ಲಿತ್ತು.

ಕುಂದಾಪುರದಿಂದ:
ರಬ್ಬರ್ ಹಾಳಾಗುವುದು ನಮ್ಮ ಊರಿನ ಸೆಕೆಗೆ ಮಾತ್ರ ಅಲ್ಲ, ಎಣ್ಣೆಗೂ. ನಳಿಗೆಗೆ ಸುರಿದ ಎಣ್ಣೆ ಕೆಳಗಿಳಿದು ಮರ ಕುಡಿಯುತ್ತದೆ, ಆಮೇಲೆ ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಎಣ್ಣೆ ಹಾಕಿದ ದಿನ ಬಾಯಿ ಕೆಳಗೆ ಮಾಡಿ ಇಡಿ. ಪ್ಯಾಡಿನ ಮೇಲೆ ಭಾರ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೂ ಅದು ಚಪ್ಪಟೆಯಾಗುತ್ತದೆ. ಚುನಾವಣೆಗೆ ಠಾಣೆಯಲ್ಲಿ ಡಿಪಾಸಿಟ್ ಮಾಡಿದ ನನ್ನ ಕೋವಿ ಹಾಗೆಯೇ ಆಗಿ ಬಂತು. ಯಾರನ್ನು ಬೈಯುವುದು?

ಕೆಲಸಕ್ಕೆ ಕೋವಿಯನ್ನು ಬಡಗಿಯ ಹತ್ತಿರ ಬಿಡಬೇಡಿ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಕೊಟ್ಟು ರಶೀದಿ ತೆಗೆದುಕೊಳ್ಳಿ. ಪ್ಯಾಡನ್ನು ಮರದ ಮೇಲೆಯೇ ಇಟ್ಟು ಉಜ್ಜಿದರೆ ಪಾಲಿಶ್ ಹೋಗುತ್ತದೆ. ಬೇರೆಯಾಗಿ ಉಜ್ಜಿ ಕೂರಿಸಲು ಹೇಳಿ. ಕೆಳಗಿನ ತುದಿಯಲ್ಲಿ ಮರದ ಓರೆ ಗೆರೆ ಪ್ಯಾಡಿನಲ್ಲೂ ಮುಂದುವರಿಯಬೇಕು. ಅಲ್ಲಿ ನೇರ ಕೆಳಗೆ ಕತ್ತರಿಸಿದರೆ ದೂರದಿಂದಲೇ ಕುರೂಪ ಕಾಣುತ್ತದೆ.

ಬೆಳ್ತಂಗಡಿಯಿಂದ:
ಬಣ್ಣದ ಚರ್ಚೆ ಸಾಕು. ಒದೆತ ಕಡಿಮೆ ಮಾಡುವುದು ಪ್ಯಾಡ್‌ಗಿಂತ ಮೊದಲು ತೋಟೆ. ಇಂಗ್ಲೆಂಡಿನ ಕೋವಿ ತಯಾರಕ ಗ್ರೀನರ್ ಹೇಳಿದ ಹಳೆ ಲೆಕ್ಕ ಇದೆ: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. ಒಂದು ಔನ್ಸ್ ಮತ್ತು ಎಂಟನೇ ಒಂದು ಭಾಗ ಚರೆಗೆ ಆರೂ ಮುಕ್ಕಾಲು ಪೌಂಡ್, ಅಂದರೆ ಸುಮಾರು ಮೂರು ಕಿಲೋ ಕೋವಿ. ನಿಮ್ಮದು ಅದಕ್ಕಿಂತ ಹಗುರವಾಗಿದ್ದರೆ ಹಗುರ ತೋಟೆಯನ್ನೇ ಹಾಕಿ.

ಇನ್ನೊಂದು, ಇದು ತಮಾಷೆ ಅಲ್ಲ. ಹಳೆ ಇಂಗ್ಲಿಷ್ ಕೋವಿಯ ತೋಟೆ ಗೂಡು, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ, ಹೆಚ್ಚಾಗಿ ಎರಡೂವರೆ ಇಂಚಿನದು, ಸುಮಾರು 65 ಮಿಲಿಮೀಟರ್. ಈಗಿನ 70 ಮಿಲಿಮೀಟರ್ ತೋಟೆ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ಅದರ ಬಾಯಿ ಮಡಚಿರುತ್ತದೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಪ್ಯಾಡಿಗೆ ಕೊಟ್ಟಾಗ ಗೂಡಿನ ಉದ್ದವನ್ನೂ ಅಳೆಸಿಬಿಡಿ.

ಕಾರ್ಕಳದಿಂದ ಮತ್ತೆ:
ಪ್ಯಾಡ್ ಬಿಚ್ಚಿದೆ. ಚೌಕುಳಿ ಇಲ್ಲ, ಗರಗಸದ ಗುರುತು ಸ್ಪಷ್ಟವಾಗಿದೆ. ಮರಕ್ಕೆ ಟ್ರಿಗರಿನಿಂದ ಹದಿಮೂರೂ ಮುಕ್ಕಾಲು ಇಂಚು ಉಳಿದಿದೆ. ಹಾಗಾಗಿ ಮುಕ್ಕಾಲು ಇಂಚಿನ ಕೆಂಪು ಸಿಲ್ವರ್ಸ್ ನಮೂನೆ ಹೇಳಿದ್ದೇನೆ, ಹದಿನಾಲ್ಕೂವರೆಗೆ ಸರಿಯಾಗುತ್ತದೆ. ಗೂಡು ಎರಡೂವರೆಯದ್ದೇ. ಮನೆಯಲ್ಲಿದ್ದ 70ರ ತೋಟೆ ಪೆಟ್ಟಿಗೆಯನ್ನು ಅಂಗಡಿಗೆ ವಾಪಸ್ ಕೊಟ್ಟು ಬಂದೆ. ಬಿಳಿ ಗೆರೆಯ ಪ್ಯಾಡ್ ಹಾಕಿಸಿದ್ದು ಯಾರು ಎಂದು ಅಪ್ಪನನ್ನು ಕೇಳಿದೆ. ಎಲೆ ಅಡಿಕೆ ಜಗಿಯುತ್ತಾ, "ನಾನೇ, ಆಗ ಅದು ಭಾರೀ ಸ್ಟೈಲ್" ಎಂದರು.